ಇಳಿಯುವ ಬಂದರು ಬೇರೆ



ನಮ್ಮ ಕರಾವಳಿಯ ಹಿರಿಯರ ಬಾಯಲ್ಲಿ 'ಆಗಬೋಟು' ಎಂಬ ಮಾತು ಬರುತ್ತಿತ್ತು. ಹೊಗೆ ಉಗುಳುತ್ತ ಬರುವ ಹಡಗು. ಕಾರವಾರದಲ್ಲೋ ಮಂಗಳೂರಿನಲ್ಲೋ ಹತ್ತಿದವರು ಮುಂಬೈಯಲ್ಲಿ ಇಳಿಯುತ್ತಿದ್ದರು. ಮಳೆಗಾಲ ಹಿಡಿದರೆ ಓಡಾಟ ನಿಂತೇಹೋಗುತ್ತಿತ್ತು. ಊರು ಸುತ್ತಿಸಿ, ಹತ್ತಿದ ಕಡೆಗೇ ತಂದು ಬಿಡುವ ಹಡಗು ಅವರ ಕಲ್ಪನೆಗೂ ಬಂದಿರಲಾರದು. ಹಡಗು ಇರುವುದೇ ಆಚೆಗೆ ಮುಟ್ಟಿಸಲು.

ಇಂದು ಕ್ರೂಸ್ ಎಂದರೆ ಹೊರಟ ಬಂದರಿಗೇ ಮರಳುವುದು ಎಂದುಕೊಳ್ಳುತ್ತೇವೆ. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವ ವಿಹಾರ ಹೊಸದೆಂದು ತೋರುತ್ತದೆ. ಆದರೆ ಚರಿತ್ರೆಯಲ್ಲಿ ಹಿರಿಯದು ಅದೇ.

1840ರ ಜುಲೈ 4ರಂದು ಹಡಗು ಉದ್ಯಮಿ ಕ್ಯುನಾರ್ಡ್ ಅವರ 'ಬ್ರಿಟಾನಿಯಾ' ಲಿವರ್‌ಪೂಲ್ ಬಿಟ್ಟು ಹ್ಯಾಲಿಫ್ಯಾಕ್ಸ್ ಮಾರ್ಗವಾಗಿ ಬಾಸ್ಟನ್ನಿಗೆ ಹೊರಟಿತು. ಹೊತ್ತದ್ದು ಟಪಾಲು, ಜೊತೆಗೆ ಜನ. ಮುಂದೆ ಲಕ್ಷಾಂತರ ಮಂದಿ ಅಟ್ಲಾಂಟಿಕ್ ದಾಟಿದ್ದು ಇಂಥ ಹಡಗುಗಳಲ್ಲೇ. ಅವರಲ್ಲಿ ಎಷ್ಟೋ ಜನ ಹುಟ್ಟಿದೂರನ್ನು ಮತ್ತೆ ಕಾಣಲಿಲ್ಲ.

ಮರಳಿ ಬರುವ ವಿಹಾರ ಹುಟ್ಟಿದ್ದು ಚಳಿಗಾಲದ ನಷ್ಟದಿಂದ. ಚಳಿಯಲ್ಲಿ ಅಟ್ಲಾಂಟಿಕ್ ದಾಟುವವರು ಕಡಿಮೆ, ಹಡಗು ಸುಮ್ಮನೆ ಕಟ್ಟಿಬಿದ್ದಿರಬೇಕು. ಹ್ಯಾಂಬರ್ಗಿನ ಹಡಗು ಕಂಪನಿಯ ಆಲ್ಬರ್ಟ್ ಬಾಲಿನ್ 1891ರ ಜನವರಿಯಲ್ಲಿ 'ಆಗಸ್ಟಾ ವಿಕ್ಟೋರಿಯಾ'ದಲ್ಲಿ 241 ಪ್ರಯಾಣಿಕರನ್ನು ಕೂರಿಸಿಕೊಂಡು ಕುಕ್ಸ್‌ಹಾಫೆನ್‌ನಿಂದ ಮೆಡಿಟರೇನಿಯನ್ನಿಗೆ ಹೊರಟ, ಸುಮಾರು ಎರಡು ತಿಂಗಳು ಸುತ್ತಿಸಿ ಕರೆತಂದ. 1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದ ಮೇಲೆ, ಊರಿಂದೂರಿಗೆ ಒಯ್ಯುವ ದೊಡ್ಡ ಹಡಗುಗಳಿಗೆ ಗಿರಾಕಿಗಳೇ ತಪ್ಪಿದರು. ಉಳಿದದ್ದು ವಿಹಾರ ಮಾತ್ರ.

ಆದರೂ ಹಡಗಿಗೆ ಋತು ಬಿಡಲಿಲ್ಲ. ಬೇಸಿಗೆಯಲ್ಲಿ ಮೆಡಿಟರೇನಿಯನ್, ಚಳಿಗಾಲದಲ್ಲಿ ಕೆರಿಬಿಯನ್. ನಡುವೆ ಹಡಗು ಸಾಗರ ದಾಟಲೇಬೇಕು. ಖಾಲಿ ಹೋಗುವ ಬದಲು ಜನರನ್ನು ಹತ್ತಿಸಿಕೊಳ್ಳುತ್ತದೆ. ದಿನಗಟ್ಟಲೆ ನೀರೇ ನೀರು. ಪಶ್ಚಿಮಕ್ಕೆ ಹೋಗುವಾಗ ಹಲವು ರಾತ್ರಿ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ, ಆ ದಿನಕ್ಕೆ 25 ಗಂಟೆ. ಹಿಂದಿನವರು ಸಾಗರ ದಾಟುತ್ತಿದ್ದ ಬಗೆಯ ಸ್ವಲ್ಪವಾದರೂ ರುಚಿ ಇಂದು ಸಿಗುವುದು ಇಲ್ಲಿ. ಅದಕ್ಕಾಗಿಯೇ ಈ ಪಯಣದ ಮೇಲೆ ನನಗೆ ಹೆಚ್ಚು ಪ್ರೀತಿ.

ಎಲ್ಲಿ ಇಳಿಯಬೇಕೆಂಬುದನ್ನು ಋತುವಿನಷ್ಟೇ ಕಾನೂನೂ ನಿರ್ಧರಿಸಿದೆ. ಅಲಾಸ್ಕಾ ನೋಡಿ. 1886ರಲ್ಲಿ ಅಮೆರಿಕ ಒಂದು ಕಾಯ್ದೆ ಮಾಡಿತು. ತನ್ನ ಒಂದು ಬಂದರಿನಿಂದ ಇನ್ನೊಂದಕ್ಕೆ ಪರದೇಶದ ಹಡಗು ಜನರನ್ನು ಸಾಗಿಸಕೂಡದು. ಸಾಗಿಸಿದರೆ ತಲೆಗೆ 2 ಡಾಲರ್ ದಂಡ. 1898ರಲ್ಲಿ ಅದು 200 ಡಾಲರ್ ಆಯಿತು. ಸ್ವದೇಶದ ಹಡಗುಗಳನ್ನು ಕಾಯುವುದಕ್ಕೆಂದು ಮಾಡಿದ ಕಾಯ್ದೆ ಇದು. ಇಂದಿನ ವಿಹಾರದ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾ, ಮಾಲ್ಟಾಗಳ ಬಾವುಟದವು. ಹಾಗಾಗಿ ಸಿಯಾಟಲ್‌ನಲ್ಲಿ ಹತ್ತಿಸಿ ಅಲಾಸ್ಕಾದ ಸುವರ್ಡ್‌ನಲ್ಲಿ ಇಳಿಸುವಂತಿಲ್ಲ. ನಡುವೆ ಕೆನಡಾದ ವಿಕ್ಟೋರಿಯಾ ಮುಟ್ಟಿದರೂ ಸಾಲದು, ನಿಯಮದ ಲೆಕ್ಕದಲ್ಲಿ ಅದು 'ಹತ್ತಿರದ' ಪರದೇಶದ ಬಂದರು. ದಾರಿ ಒಂದೇ: ಕೆನಡಾದ ವ್ಯಾಂಕೂವರಿನಲ್ಲೇ ಹತ್ತಿಸುವುದು. ಫ್ಲಾರಿಡಾದಿಂದ ಪನಾಮಾ ಕಾಲುವೆ ಹಾದು ಕ್ಯಾಲಿಫೋರ್ನಿಯಾದಲ್ಲಿ ಇಳಿಸುವ ಹಡಗು ಕೊಲಂಬಿಯಾದ ಕಾರ್ತಹೇನಾವನ್ನೋ ಅರುಬಾವನ್ನೋ ಮುಟ್ಟುವುದೂ ಇದಕ್ಕೇ. ಅವು 'ದೂರದ' ಬಂದರುಗಳು, ಮುಟ್ಟಿದರೆ ಸಾಕು.

ಕೊರೊನಾ ಕಾಲದಲ್ಲಿ ಕೆನಡಾ ತನ್ನ ಬಂದರುಗಳನ್ನು ಈ ಹಡಗುಗಳಿಗೆ ಮುಚ್ಚಿದಾಗ, ಅಲಾಸ್ಕಾದ ಪುಟ್ಟ ಊರುಗಳ ಅಂಗಡಿ ಸಾಲುಗಳು ಬಿಕೋ ಎಂದವು. 2021ರ ಮೇ ತಿಂಗಳಲ್ಲಿ ಅಮೆರಿಕದ ಸಂಸತ್ತು ಆ ಹಳೆಯ ಕಾಯ್ದೆಯನ್ನು ಅಲಾಸ್ಕಾದ ಮಟ್ಟಿಗೆ ತಾತ್ಕಾಲಿಕವಾಗಿ ಸಡಿಲಿಸಿತು.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿ, ಬೇಸಿಗೆಯಲ್ಲಿ ಅಲಾಸ್ಕಾ ನೋಡಿ ಬರಬೇಕೆನ್ನುವ ನಮ್ಮ ಹಿರಿಯರಿಗೆ ಒಂದು ಮಾತು. ವ್ಯಾಂಕೂವರಿನಿಂದ ಹೊರಡುವುದಾದರೆ ಭಾರತದ ಪಾಸ್‌ಪೋರ್ಟಿಗೆ ಕೆನಡಾ ವೀಸಾ ಬೇಕು. ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ.

ವ್ಯಾಂಕೂವರಿನಿಂದ ಏಳು ರಾತ್ರಿ. ಕೆಚಿಕನ್, ಜೂನೋ, ಸ್ಕ್ಯಾಗ್‌ವೇ. ಬಳಿಕ ಹಿಮನದಿ ಕಡಲಿಗೆ ಮುರಿದು ಬೀಳುವ ಸದ್ದು. ಬೆಳಿಗ್ಗೆ ಸುವರ್ಡ್. ಹಡಗು ಹೊಸ ಜನರನ್ನು ತುಂಬಿಕೊಂಡು ತೆಂಕಣ ದಿಕ್ಕಿಗೆ ತಿರುಗುತ್ತದೆ. ಇಳಿದವರಿಗೆ ಬಂದರಿನ ಬಳಿಯೇ ರೈಲು. ಅದು ಆಂಕರೇಜ್ ದಾಟಿ, 1923ರಲ್ಲಿ ಪೂರ್ತಿಗೊಂಡ ಹಳಿಯ ಮೇಲೆ, ಡೆನಾಲಿ ಪರ್ವತದ ಕಡೆಗೆ ಏರುತ್ತದೆ.