ಎಷ್ಟು ದಿನಕ್ಕೆ ಟಿಕೆಟ್ ಮಾಡಿಸೋದು?

(ವೇದಿಕೆಯ ವಾರ್ಷಿಕ ಕೂಟದಲ್ಲಿ ಆಡಿದ ಮಾತುಗಳು)

ನಾನು ಭಾಷಣಕಾರನಲ್ಲ. ಪಾರ್ಕ್ ರಾಯಲ್‌ನ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡೋನು, ಕೆಂಟನ್‌ನಲ್ಲಿ ಬಾಡಿಗೆ ಮನೆ. ಎರಡು ಮಾತಾಡು ಅಂದ್ರು, ಬಂದಿದ್ದೀನಿ.

ಇಲ್ಲಿರೋ ಎಲ್ಲರಿಗೂ ಊರಿಂದ ಬರೋ ಫೋನು ಒಂದೇ ಥರದ್ದು. "ಲಂಡನ್ನಿಗೆ ಬರ್ತಿದ್ದೀವಿ, ಎಷ್ಟು ದಿನ ಇರೋ ಹಾಗೆ ಬರ್ಲಿ?" ಬರೀ ಊರು ನೋಡೋಕೆ ಬರೋರಿಗೆ ನಾನು ಹೇಳೋದು ಐದು ದಿನ. ಮೊದಲನೇ ದಿನ ನಿದ್ದೆಗೇ ಹೋಗುತ್ತೆ. ಕೆಂಟನ್ ಸ್ಟೇಷನ್ನಿನಲ್ಲಿ ಬೇಕರ್ಲೂ ಲೈನ್ ಹತ್ತಿದರೆ ಎಲ್ಲೂ ಬದಲಿಸದೆ ಲ್ಯಾಂಬೆತ್ ನಾರ್ತ್‌ನಲ್ಲಿ ಇಳಿಯಬಹುದು. ಅಲ್ಲಿಂದ ಥೇಮ್ಸ್ ದಂಡೆಗೆ ನಡೆದರೆ ನಮ್ಮ ಬಸವಣ್ಣನವರ ಪ್ರತಿಮೆ, 2015ರ ನವೆಂಬರಿನಲ್ಲಿ ಅನಾವರಣ ಆಗಿದ್ದು. ಮಾರನೇ ದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತು ತಂದ ಟಿಪ್ಪುವಿನ ಹುಲಿ ಅಲ್ಲಿದೆ. ನಮ್ಮದೇ ವಸ್ತು, ಪುಣ್ಯಕ್ಕೆ ನೋಡೋಕೆ ದುಡ್ಡು ಕೇಳಲ್ಲ. ಹಾಗೇ ಪ್ಯಾರಿಸ್‌ಗೂ ಹೋಗಿ ಬರ್ತೀವಿ ಅನ್ನೋರಿಗೆ ಒಂದು ಮಾತು: ಇಲ್ಲಿನ ವೀಸಾ ಅಲ್ಲಿ ನಡೆಯಲ್ಲ, ಅದಕ್ಕೆ ಷೆಂಗೆನ್ ವೀಸಾ ಬೇರೆ ಮಾಡಿಸಬೇಕು.

ಅದು ಸುಲಭದ ಲೆಕ್ಕ. ಕಷ್ಟ ಇರೋದು ಅಪ್ಪ-ಅಮ್ಮ ಬರುವಾಗ.

ನಮ್ಮವ್ವ ಅರಸೀಕೆರೆ ಕಡೆ ಹಳ್ಳಿಯವಳು. ಅಪ್ಪ ಇಲ್ಲ. 2022ರ ಸೆಪ್ಟೆಂಬರ್ 10ಕ್ಕೆ ಅವಳನ್ನು ಕರೆಸಿಕೊಂಡೆ, ವಾಪಸ್ ಟಿಕೆಟ್ ಮಾರ್ಚ್ 5ಕ್ಕೆ. ಲೆಕ್ಕ ಹಾಕಿ, 176 ದಿನ. ಸಂದರ್ಶಕರ ವೀಸಾದಲ್ಲಿ ಒಂದು ಸಲಕ್ಕೆ ಆರು ತಿಂಗಳು ಇರಬಹುದು. ಇಷ್ಟು ಖರ್ಚು ಮಾಡಿ ಕರೆಸಿದ ಮೇಲೆ ಒಂದು ದಿನಾನೂ ಯಾಕೆ ಬಿಡಬೇಕು ಅಂತ ನನ್ನ ಯೋಚನೆ. ಎಲ್ಲರ ಹತ್ತಿರಾನೂ ಹಾಗೇ ಹೇಳಿಕೊಂಡು ತಿರುಗಿದೆ. ಒಳಗಿನ ಮಾತು ಬೇರೆ ಇತ್ತು. ಮಗಳಿಗೆ ಹತ್ತು ತಿಂಗಳು, ನನ್ನ ಹೆಂಡತಿ ಕೇರ್ ಹೋಮ್ ಕೆಲಸಕ್ಕೆ ಮತ್ತೆ ಹೋಗಬೇಕು, ನರ್ಸರಿಯ ಫೀಸು ಕೇಳಿದರೆ ಎದೆ ಒಡೆಯುತ್ತೆ. ಮೊಮ್ಮಗಳನ್ನು ನೋಡೋಕೆ ಅಂತ ಬಂದವಳಿಗೆ ಬೆಳಗ್ಗೆಯಿಂದ ಸಂಜೆವರೆಗೂ ಮಗು ನೋಡಿಕೊಳ್ಳೋ ಕೆಲಸ ಹಚ್ಚಿದ್ದು ನಾನು. ಆ ವೀಸಾದಲ್ಲಿ ಬಂದವರು ಕೆಲಸ ಮಾಡುವಂತಿಲ್ಲ ಅಂತ ಕಾನೂನೇ ಇದೆ. ಹೆತ್ತವ್ವ ಮಾಡಿದರೆ ಅದು ಕೆಲಸ ಅಂತ ನನಗೆ ಅನ್ನಿಸಲೇ ಇಲ್ಲ.

ಮೊದಲ ಎರಡು ತಿಂಗಳು ಚೆನ್ನಾಗಿತ್ತು. ಕೆಂಟನ್ ರೋಡಿನಲ್ಲಿ ಕರಿಬೇವು, ಅವರೆಕಾಯಿ ಕಂಡು ಅವ್ವ ಹಿಗ್ಗಿದಳು. ಪಕ್ಕದ ಬೀದಿಯ ಗುಜರಾತಿ ಅಜ್ಜಿ ಸ್ನೇಹ ಆಯ್ತು. ಅವರಿಗೆ ಕನ್ನಡ ಬರಲ್ಲ, ಇವಳಿಗೆ ಗುಜರಾತಿ ಬರಲ್ಲ, ಡಬ್ಬಿಯಲ್ಲಿ ಪಲ್ಯ ಮಾತ್ರ ಆ ಮನೆಗೂ ಈ ಮನೆಗೂ ಓಡಾಡುತ್ತಿತ್ತು. ನವೆಂಬರ್ ಬಂತು ನೋಡಿ, ಎಲ್ಲ ನಿಂತಿತು. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಹೊತ್ತು ಮುಳುಗುತ್ತೆ. ನಾನು ಹಗಲೆಲ್ಲ ಮಲಗಿರ್ತೀನಿ, ಹೆಂಡತಿ ಡ್ಯೂಟಿಯಲ್ಲಿ. ಅವ್ವ ಮಗುವನ್ನು ಎತ್ತಿಕೊಂಡು ಕಿಟಕಿ ಹತ್ತಿರ ನಿಂತು 183 ನಂಬರಿನ ಬಸ್ಸು ಹೋಗೋದು ನೋಡುತ್ತಿದ್ದಳು. ಡಾಕ್ಟರು ಬರೆದುಕೊಟ್ಟ ಬಿ.ಪಿ. ಮಾತ್ರೆ ಮೂರು ತಿಂಗಳಿಗೇ ಮುಗಿಯಿತು. ಇಲ್ಲಿ ಎ ಅಂಡ್ ಇಯಲ್ಲಿ ನೋಡೋದಕ್ಕೆ ದುಡ್ಡಿಲ್ಲ, ಆದರೆ ಸಂದರ್ಶಕರನ್ನು ವಾರ್ಡಿಗೆ ಸೇರಿಸಿಕೊಂಡರೆ ಬಿಲ್ಲು ಬರುತ್ತೆ. ಹಾಗಾಗಿ ವಿಮೆ ಮಾಡಿಸೋ ಮುಂಚೆ ಹಳೆಯ ಕಾಯಿಲೆಗೂ ಅನ್ವಯಿಸುತ್ತಾ ಅಂತ ಓದಿ ನೋಡಿ. ನಾನು ಓದಿರಲಿಲ್ಲ.

ಡಿಸೆಂಬರ್ ಮೂರನೇ ವಾರ ಊರಲ್ಲಿ ನಮ್ಮ ದೊಡ್ಡವ್ವ ತೀರಿಕೊಂಡಳು. ಅವ್ವನಿಗೆ ಉಳಿದಿದ್ದ ಒಬ್ಬಳೇ ಅಕ್ಕ. ಬೆಳಗ್ಗೆ ಒಂಬತ್ತಕ್ಕೆ ಫೋನ್ ಬಂದಿದೆ. ನಾನು ಪಾಳಿ ಮುಗಿಸಿ ಆಗಷ್ಟೇ ಮಲಗಿದ್ದೆ. ಅವ್ವ ಎಬ್ಬಿಸಲಿಲ್ಲ. ಮೂರು ಗಂಟೆಗೆ ಎದ್ದು ಬಂದರೆ ಚಹಾ ಕೊಟ್ಟು, ನಾನು ಕುಡಿದ ಮೇಲೆ ಹೇಳಿದಳು. ಅಷ್ಟೊತ್ತಿಗೆ ಅಲ್ಲಿ ಮಣ್ಣು ಆಗಿತ್ತು.

"ಹನ್ನೊಂದರ ಕಾರ್ಯಕ್ಕಾದ್ರೂ ಹೋಗಾಕಾಯ್ತದಾ ಮಗ?" ಅಂದಳು.

ನಾನು ಮಾಡಿಸಿದ್ದು ಅಗ್ಗದ ಟಿಕೆಟ್, ದಿನಾಂಕ ಬದಲಾಯಿಸುವ ಹಾಗಿಲ್ಲ. ಕ್ರಿಸ್‌ಮಸ್ ಸಮಯ, ಹೊಸ ಟಿಕೆಟ್ ಅಂದ್ರೆ ನನ್ನ ತಿಂಗಳ ಬಾಡಿಗೆಯಷ್ಟು. ಸಾಲ ಮಾಡಬಹುದಿತ್ತು. ನಿಮ್ಮಲ್ಲಿ ಯಾರನ್ನು ಕೇಳಿದ್ರೂ ಕೊಡ್ತಿದ್ರಿ. ಆದರೆ ಆಗ ನನ್ನ ತಲೆಯಲ್ಲಿ ಬಂದಿದ್ದು, ಇವಳು ಹೋದರೆ ನಾಳೆ ಮಗು ನೋಡಿಕೊಳ್ಳೋರು ಯಾರು ಅಂತ. "ಹೆಂಗೂ ಎಲ್ಲಾ ಮುಗೀತಲ್ಲವ್ವ, ಈಗ ಹೋಗಿ ಏನ್ಮಾಡ್ತೀಯ" ಅಂದುಬಿಟ್ಟೆ. "ಆಯ್ತು ಬಿಡು" ಅಂದಳು. ಮತ್ತೆ ಆ ಮಾತು ಎತ್ತಲಿಲ್ಲ.

ಅವಳು ಹೋದ ಮೇಲೆ ಮಗಳ ಬಣ್ಣದ ಪುಸ್ತಕದ ಕೊನೇ ಹಾಳೆಯಲ್ಲಿ ಪೆನ್ಸಿಲ್ ಗೆರೆಗಳು ಸಿಕ್ಕಿದವು. ಐದೈದರ ಗುಂಪು, ಊರಲ್ಲಿ ಕಾಯಿ ಎಣಿಸುವಾಗ ಹಾಕೋ ಥರ. ಎಣಿಸಿದೆ. ಅಕ್ಕ ಸತ್ತ ದಿನದಿಂದ ಮಾರ್ಚ್ 5ರವರೆಗೂ ಸರಿಯಾಗಿತ್ತು.

ಬೇರೆಯವರು ಹೀಗೆ ಮಾಡಬಾರದು ಅಂತ ಇಷ್ಟು ಹೇಳ್ತೀನಿ. ವೀಸಾ ಎರಡು, ಐದು, ಹತ್ತು ವರ್ಷಕ್ಕೂ ಸಿಗುತ್ತೆ. ಫೀಸು ಜಾಸ್ತಿ, ಒಂದು ಸಲಕ್ಕೆ ಆರು ತಿಂಗಳು ಮೀರುವಂತಿಲ್ಲ. ಆದರೂ ಒಂದೇ ಸಲ ಆರು ತಿಂಗಳು ಕೂಡಿಹಾಕೋ ಬದಲು ಚಿಕ್ಕ ಚಿಕ್ಕದಾಗಿ ಎರಡು ಮೂರು ಸಲ ಬಂದುಹೋಗಬಹುದು. ಪದೇ ಪದೇ ಬಂದು ಇಲ್ಲೇ ನೆಲೆಸಿದ ಹಾಗೆ ಕಂಡರೆ ಮಾತ್ರ ಗಡಿಯಲ್ಲಿ ಪ್ರಶ್ನೆ ಏಳುತ್ತೆ, ಹುಷಾರು. ಟಿಕೆಟ್ ದಿನಾಂಕ ಬದಲಾಯಿಸೋ ಹಾಗಿರೋದನ್ನೇ ತಗೊಳ್ಳಿ, ನೂರು ಪೌಂಡ್ ಹೆಚ್ಚಾದರೂ ಸರಿ. ಮೇ, ಜೂನ್‌ನಲ್ಲಿ ಕರೆಸಿ, ಜೂನಿನಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತೆ. ಎಷ್ಟು ದಿನ ಅನ್ನೋದನ್ನ ಬರೋರನ್ನೇ ಕೇಳಿ.

2024ರಲ್ಲಿ ನಾನು ಕೇಳಿದೆ. ಅವ್ವ ಬೆರಳು ಮಡಚಿ ಎಣಿಸಿ "ನಲವತ್ತು ದಿನ" ಅಂದಳು. ಮೇ 12ಕ್ಕೆ ಬಂದಳು. ಮಗಳು ಆಗ ನರ್ಸರಿಗೆ ಹೋಗುತ್ತಿದ್ದಳು, ಅವ್ವನಿಗೆ ಬಿಡುವಿತ್ತು. ಬಸವಣ್ಣನವರ ಪ್ರತಿಮೆ ಹತ್ತಿರ ಕರೆದುಕೊಂಡು ಹೋದೆ, ಚಪ್ಪಲಿ ಬಿಟ್ಟು ಕೈ ಮುಗಿದಳು. ಗುಜರಾತಿ ಅಜ್ಜಿ ಜೊತೆ ಪಾರ್ಕಿನ ಬೆಂಚಿನಲ್ಲಿ ಕೂತು ಏನೋ ನಗುತ್ತಿದ್ದಳು, ಏನಂತ ಇಬ್ಬರಿಗೂ ಗೊತ್ತಿರಲಿಕ್ಕಿಲ್ಲ. ಹೊರಡೋಕೆ ಒಂದು ವಾರ ಮುಂಚೆ ಸೂಟ್‌ಕೇಸ್ ಕಟ್ಟೋಕೆ ಕೂತಳು. "ಇನ್ನೊಂದು ವಾರ ಇರವ್ವ, ಈ ಟಿಕೆಟ್ ಬದಲಾಯಿಸಬಹುದು" ಅಂದೆ.

"ಬ್ಯಾಡ ಮಗ, ಮಳೆ ಬಂದದಂತೆ. ರಾಗಿ ಹಾಕ್ಬೇಕು."

ಮುಂದಿನ ಸಲಕ್ಕೆ ಅರವತ್ತು ದಿನ ಅಂತ ಅವಳೇ ಹೇಳಿದ್ದಾಳೆ. ಟಿಕೆಟ್ ಇನ್ನೂ ಮಾಡಿಸಿಲ್ಲ. ಊರ ಜಾತ್ರೆ ಯಾವತ್ತು ಅಂತ ಕೇಳಿಕೊಂಡು ಫೋನ್ ಮಾಡ್ತೀನಿ ಅಂದಿದ್ದಾಳೆ.