ಯಂತ್ರಕ್ಕೂ ನಾಡಿಯುಂಟು



ಆದವಾನಿ ಹತ್ತಿಯ ಊರು. ಇಲ್ಲಿನ ಜಿನ್ನಿಂಗ್ ಗಿರಣಿಗಳಲ್ಲಿ ದುಡಿದ ಹಿರಿಯರು ಈ ಸಭೆಯಲ್ಲಿಯೂ ಇದ್ದಾರೆ. ಅನುಭವಿ ಮೇಸ್ತ್ರಿಯು ಯಂತ್ರದ ಸದ್ದನ್ನಾಲಿಸಿ, ಬೇರಿಂಗಿನ ಕವಚಕ್ಕೆ ಅಂಗೈ ತಾಗಿಸಿ, "ಕಾದಿದೆ, ನಿಲ್ಲಿಸಿರಿ" ಎನ್ನುತ್ತಾನೆ. ಹತ್ತಿಯ ನಡುವೆ ಬೇರಿಂಗ್ ಕಾದರೆ ಬೆಂಕಿಯ ಭಯವುಂಟು. ಸಂವೇದಕವು, ಅಂದರೆ ಸೆನ್ಸರ್, ಮಾಡುವುದೂ ಇದನ್ನೇ. ಶಾಖ ಏರಿದಂತೆ ಲೋಹದ ತಂತಿಯ ವಿದ್ಯುತ್ ರೋಧ ಹೆಚ್ಚುತ್ತದೆ. ಆ ಹೆಚ್ಚಳವನ್ನು ಉಪಕರಣವು ಅಂಕಿಯಾಗಿ ತೋರಿಸುತ್ತದೆ. ಬೇರಿಂಗ್ ಸವೆದರೆ ಅದರ ಕಂಪನ ಬದಲಾಗುತ್ತದೆ. ಅದನ್ನು ಗುರುತಿಸುವ ಸಂವೇದಕಗಳೂ ಇವೆ. ಮೇಸ್ತ್ರಿಯ ಕೈ ಆಗಾಗ ಮುಟ್ಟೀತು. ಸಂವೇದಕವು ಹಗಲಿರುಳು ಮುಟ್ಟಿಕೊಂಡೇ ಇರುತ್ತದೆ.

ಇದು ಗಿರಣಿಗಷ್ಟೇ ಸೇರಿದ ಮಾತಲ್ಲ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ, ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ಫಲಕಗಳನ್ನಿಳಿಸಿ ಹರಿವನ್ನು ತಡೆಯಲು ಸುಮಾರು ಒಂದು ವಾರ ಹಿಡಿಯಿತು. ಕೆಳಮಟ್ಟದ ಕಾಲುವೆಯನ್ನು ನಂಬಿದ ನಮ್ಮ ರೈತರ ಮನೆಗಳಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ. ಉಕ್ಕು ಸವೆಯುವುದು, ತುಕ್ಕು ಹಿಡಿಯುವುದು, ಬಿರುಕು ಬಿಡುವುದು ಬರಿಗಣ್ಣಿಗೆ ಕಾಣದೇ ಹೋಗಬಹುದು. ಕಿವಿಗೆ ಕೇಳದ ಶಬ್ದದಲೆಯನ್ನು ಉಕ್ಕಿನೊಳಗೆ ಕಳುಹಿಸಿ, ಅದರ ಮರುದನಿ ಬರಲು ಹಿಡಿದ ಸಮಯದಿಂದ ಉಳಿದಿರುವ ದಪ್ಪವನ್ನೂ ಒಳಗಿನ ಬಿರುಕನ್ನೂ ಅರಿಯುವ ಉಪಕರಣಗಳು ಇಂದು ಇವೆ.

ಆದರೆ ಉಪಕರಣ ಹೇಳಬಲ್ಲದೇ ಹೊರತು ಕೇಳಿಸಿಕೊಳ್ಳಬೇಕಾದವರು ನಾವು. ಒಂದು ಬೇಸಿಗೆಯಲ್ಲಿ ನಮ್ಮ ಶಾಲೆಯ ಕೊಳವೆಬಾವಿಯ ಮೋಟಾರು ಮಾಮೂಲಿಗಿಂತ ಹೆಚ್ಚು ವಿದ್ಯುತ್ತನ್ನು ಎಳೆಯುತ್ತಿರುವುದನ್ನು ಆಂಪಿಯರ್ ಮೀಟರಿನ ಮುಳ್ಳು ದಿನಗಟ್ಟಲೆ ತೋರಿಸಿತು. ನಾವು ಕಂಡೂ "ನಾಳೆ ನೋಡೋಣ" ಎಂದೆವು. ಮೋಟಾರು ಸುಟ್ಟಿತು, ಮಕ್ಕಳು ಮೂರು ದಿನ ಮನೆಯಿಂದ ನೀರು ಹೊತ್ತು ತಂದರು. ಆ ತಪ್ಪು ನಮ್ಮದೇ.

ಅಂದಿನಿಂದ ಏಳನೆಯ ತರಗತಿಯ ಮಕ್ಕಳು ಪ್ರತಿದಿನ ಬೆಳಗ್ಗೆ ಮೀಟರಿನ ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆಯುತ್ತಾರೆ. ಅಂಕಿ ಏರಿದರೆ ಕಾರಣವನ್ನು ಚರ್ಚಿಸಿ, ಕನ್ನಡದಲ್ಲಿಯೇ ಟಿಪ್ಪಣಿ ಮಾಡುತ್ತಾರೆ. "ಕನ್ನಡದಲ್ಲಿ ಓದಿದರೆ ವಿಜ್ಞಾನ ಬಂದೀತೇ?" ಎಂದು ಕೇಳುವ ಪಾಲಕರಿಗೆ ನಾವು ಆ ಪುಸ್ತಕವನ್ನು ತೋರಿಸುತ್ತೇವೆ. ನೂರು ವರ್ಷ ನಡೆದುಬಂದ ಈ ಶಾಲೆ ಮುಂದೆಯೂ ನಡೆಯಬೇಕಾದರೆ, ಇಂತಹ ಪುಸ್ತಕಗಳು ತುಂಬುತ್ತಲೇ ಇರಬೇಕು.