ಬರೆದವರು ಯಾರಪ್ಪಾ?

ಇವತ್ತು ರಾಜಕೀಯಕ್ಕೆ ರಜೆ. ಒಂದು ಹಾಡಿನ ಬಗ್ಗೆ ಮಾತಾಡೋಣ. ಅದಕ್ಕೂ ಮೊದಲು ನನ್ನದೊಂದು ತಪ್ಪೊಪ್ಪಿಗೆ.

ಹೋದ ವಾರ ಮಳೆ ಸುದ್ದಿ ಹೇಳುವಾಗ ‘ಅನಿಸುತಿದೆ ಯಾಕೋ ಇಂದು’ ಹಾಡಿನ ತುಣುಕು ಹಾಕಿದ್ವಿ. ಮಲೆನಾಡಲ್ಲಿ ನಾಲ್ಕು ಹನಿ ಬಿದ್ದರೆ ಸಾಕು, ಕನ್ನಡ ಚಾನೆಲ್‌ಗಳಿಗೆಲ್ಲ ‘ಮುಂಗಾರು ಮಳೆ’ ನೆನಪಾಗುತ್ತೆ. ನಾವೇನೂ ಹೊರತಲ್ಲ ಬಿಡಿ. ಗಣೇಶ್ ಸಿನಿಮಾ, ಸೋನು ನಿಗಮ್ ದನಿ ಅಂತ ಹೇಳಿ ಮುಂದೆ ಹೋದೆ. ಅರ್ಧ ಗಂಟೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮೆಸೇಜ್ ಬಂತು: ‘ನಟಿಸಿದವರ ಹೆಸರು ಹೇಳಿದಿರಿ, ಹಾಡಿದವರ ಹೆಸರು ಹೇಳಿದಿರಿ. ಬರೆದವರು ಯಾರಪ್ಪಾ?’

ನನಗೆ ಹೆಸರು ಗೊತ್ತಿತ್ತು. ಹೇಳಬೇಕು ಅಂತ ಹೊಳೆಯಲೇ ಇಲ್ಲ. ಚುಚ್ಚಿದ್ದು ಅದೇ.

ಸಿನಿಮಾ ಬಂದಿದ್ದು 2006ರ ಡಿಸೆಂಬರ್ ಕೊನೆಯಲ್ಲಿ. ನಾನಾಗ ಎಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿದ್ದೆ. ನನ್ನ ರೂಮ್‌ಮೇಟ್‌ಗೆ ಒಬ್ಬ ಹುಡುಗಿ ಮೇಲೆ ಮನಸ್ಸು, ಮಾತಾಡೋಕೆ ಮಾತ್ರ ಧೈರ್ಯ ಇಲ್ಲ. ತಿಂಗಳಿಗೆ 30 ರೂಪಾಯಿ ಕೊಟ್ಟು ಈ ಹಾಡನ್ನ ಕಾಲರ್ ಟ್ಯೂನ್ ಮಾಡ್ಕೊಂಡ. ಅವಳು ಫೋನ್ ಮಾಡಿದಾಗ ಕೇಳಿಸಲಿ ಅಂತ. ಅವಳು ಮಾಡಲಿಲ್ಲ. ಕೇಳಿಸಿಕೊಂಡವರು ಊರಲ್ಲಿದ್ದ ಅವರಪ್ಪ, ಮತ್ತೆ ಬಾಕಿ ವಸೂಲಿಗೆ ಫೋನ್ ಮಾಡ್ತಿದ್ದ ಮೆಸ್‌ನವರು. ಆ 30 ರೂಪಾಯಿ ಯಾರ್‍ಯಾರಿಗೆ ಹೋಗುತ್ತೆ ಅಂತ ನಾವ್ಯಾರೂ ಯೋಚಿಸಲಿಲ್ಲ.

ಮೇಷ್ಟ್ರೇ, ಬರೆದವರು ಜಯಂತ ಕಾಯ್ಕಿಣಿ. ಗೋಕರ್ಣದವರು. ಬಯೋಕೆಮಿಸ್ಟ್ರಿ ಓದಿ ಮುಂಬೈನ ಔಷಧ ಕಂಪನಿಯಲ್ಲಿ ದುಡಿದವರು, ಕಥೆಗಾರರು. ಸಂಗೀತ ಮನೋ ಮೂರ್ತಿ ಅವರದ್ದು. ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮ ನಡೆಸಿದವರು ಅವರು!

ನಮ್ಮ ಸಿನಿಮಾದಲ್ಲಿ ಸಾಮಾನ್ಯವಾಗಿ ಮೊದಲು ಟ್ಯೂನ್, ಆಮೇಲೆ ಮಾತು. ಸಂಗೀತ ನಿರ್ದೇಶಕರು ತಾನನಾನ ಅಂತ ಹಾಡಿ ಕಳಿಸ್ತಾರೆ. ಬರೆಯೋರು ಅಷ್ಟೇ ಅಕ್ಷರ, ಅಷ್ಟೇ ಉಸಿರಲ್ಲಿ ಅರ್ಥ ಕೂರಿಸಬೇಕು. ಒಂದು ದೀರ್ಘ ಆಚೀಚೆ ಆದರೂ ಹಾಡು ಕುಂಟುತ್ತೆ. ನಮ್ಮ ಮೆಕ್ಯಾನಿಕಲ್ ಭಾಷೆಯಲ್ಲಿ ಹೇಳೋದಾದ್ರೆ ಟಾಲರೆನ್ಸ್ ಸೊನ್ನೆ. ಅಂಥ ಅಚ್ಚಿನೊಳಗೆ ಕೂತು ಬರೆದ ಹಾಡು ಪ್ರೀತಿಸಿದವನೊಬ್ಬ ತನ್ನಷ್ಟಕ್ಕೆ ಗುನುಗಿಕೊಂಡ ಹಾಗೆ ಕೇಳಿಸುತ್ತಲ್ಲ, ಅದು ಕಸುಬು.

ಈಗ ಕಾನೂನಿಗೆ ಬನ್ನಿ. 1977ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತ್ತು. ನಿರ್ಮಾಪಕ ದುಡ್ಡು ಕೊಟ್ಟು ಸಿನಿಮಾಕ್ಕೆ ಹಾಡು ಬರೆಸಿದರೆ, ಒಪ್ಪಂದದಲ್ಲಿ ಬೇರೆ ಥರ ಇಲ್ಲದಿದ್ದರೆ, ಹಕ್ಕು ನಿರ್ಮಾಪಕನದ್ದೇ. ಬರೆದವರಿಗೆ ಒಂದು ಸಲದ ಸಂಭಾವನೆ, ಅಲ್ಲಿಗೆ ಮುಗೀತು. 2012ರ ತಿದ್ದುಪಡಿ ಇದನ್ನ ಬದಲಿಸಿತು. ಅದಕ್ಕಾಗಿ ರಾಜ್ಯಸಭೆಯಲ್ಲಿ ಗಟ್ಟಿಯಾಗಿ ಮಾತಾಡಿದವರು ಜಾವೇದ್ ಅಖ್ತರ್. ಚಿತ್ರಮಂದಿರದಲ್ಲಿ ಸಿನಿಮಾ ಜೊತೆ ಹಾಡು ಬಂದರೆ ಅದು ಬೇರೆ. ಹೊರಗೆ ಟಿವಿ, ರೇಡಿಯೋ, ಮೊಬೈಲ್‌ನಲ್ಲಿ ಬಂದಾಗೆಲ್ಲ ಬರೆದವರಿಗೂ ಸಂಗೀತ ಕೊಟ್ಟವರಿಗೂ ರಾಯಲ್ಟಿಯಲ್ಲಿ ಸಮಪಾಲು. ಆ ಪಾಲನ್ನ ‘ನನಗೆ ಬೇಡ’ ಅಂತ ಸಹಿ ಹಾಕಿ ಬಿಟ್ಟುಕೊಡೋ ಹಾಗೂ ಇಲ್ಲ. ದೊಡ್ಡ ಮಾತು ಇದು. ಅವಕಾಶಕ್ಕಾಗಿ ಕಾಯ್ತಿರೋ ಹೊಸಬ ಯಾವ ಕಾಗದಕ್ಕೆ ಬೇಕಾದ್ರೂ ಸಹಿ ಹಾಕ್ತಾನೆ, ಅಲ್ವಾ?

ಆದರೆ ಆ ದುಡ್ಡು ತಾನಾಗೇ ನಡೆದು ಬರಲ್ಲ ಸ್ವಾಮಿ. ಯಾವ ಹಾಡು, ಯಾರು ಬರೆದಿದ್ದು, ಎಷ್ಟು ಸಲ ಹಾಕಿದಿರಿ ಅನ್ನೋ ಲೆಕ್ಕ ಬೇಕು. ಅದಕ್ಕೆ ಕ್ಯೂ ಶೀಟ್ ಅಂತಾರೆ. ಅದರಲ್ಲಿ ಹೆಸರಿನ ಕಾಲಂ ಖಾಲಿ ಬಿಟ್ಟರೆ ಪಾಲು ಹಂಚೋರು ಯಾರಿಗೆ ಹಂಚಬೇಕು? ಹಾಗಾಗಿ ಮೇಷ್ಟ್ರು ಕೇಳಿದ್ದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ.

ಮಾರನೇ ದಿನ ನಮ್ಮ ಗ್ರಾಫಿಕ್ಸ್ ಹುಡುಗನ ಹತ್ರ ಹೋದೆ. ಪರದೆಯ ಪಟ್ಟಿಯಲ್ಲಿ ಎರಡೇ ಸಾಲು: ಸಿನಿಮಾ, ಗಾಯಕ. ‘ಸಾರ್, ಜಾಗ ಇಲ್ಲ’ ಅಂದ. ಬ್ರೇಕಿಂಗ್ ನ್ಯೂಸ್ ಅಂತ ಅರ್ಧ ಪರದೆ ಕೆಂಪು ಮಾಡೋ ನಮಗೆ ಒಂದು ಹೆಸರಿಗೆ ಜಾಗ ಇಲ್ಲ! ಎರಡು ದಿನ ಗುದ್ದಾಡಿದ್ವಿ. ಅಕ್ಷರ ಸ್ವಲ್ಪ ಸಣ್ಣದಾಗಿದೆ, ಕನ್ನಡಕ ಹಾಕ್ಕೊಳ್ಳಿ ಮೇಷ್ಟ್ರೇ. ಇವತ್ತಿಂದ ಮೂರನೇ ಸಾಲು ಇದೆ. ಹಾಡು ಹಾಕಪ್ಪಾ.